ನಮ್ರತೆಯಲ್ಲಿ ನಿಜ ಸಂತೋಷ: ಬರಿಗಾಲಲ್ಲಿ ನಡೆದ ಸಂತ ಜೋಸೆಫ್ ವಾಜ್

ಮುಂಬಯಿ ಮಹಾನಗರದಲ್ಲಿ ಸಂಘ-ಸಂಸ್ಥೆಗಳ ಕಾರ್ಯಕ್ರಮವೆಂದರೆ ವೇದಿಕೆ, ಹೂಗುಚ್ಛ, ಶಾಲು, ಸ್ಮರಣಿಕೆ ಇದ್ದದ್ದೇ. ವೇದಿಕೆಯ ಮೇಲೆ ಎಷ್ಟು ಕುರ್ಚಿ, ಯಾರ ಪಕ್ಕದಲ್ಲಿ ಯಾರು, ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಎಂಬ ಚರ್ಚೆಯಲ್ಲೇ ಕಾರ್ಯಕಾರಿ ಸಮಿತಿಯ ಸಭೆ ರಾತ್ರಿ ಹತ್ತರ ತನಕ ಎಳೆದ ಉದಾಹರಣೆಗಳು ಬೇಕಷ್ಟಿವೆ. ಹೆಸರು ಬಿಟ್ಟುಹೋಯಿತೆಂದು ಮುನಿಸಿಕೊಂಡು ಮರುವರ್ಷ ಆ ಕಡೆ ತಲೆಹಾಕದವರೂ ಇದ್ದಾರೆ. ಮುನಿಸಿಕೊಂಡವರು ಕೆಟ್ಟವರೇನಲ್ಲ. ಊರು ಬಿಟ್ಟು ಬಂದು, ಹಗಲು ಕೆಲಸ, ರಾತ್ರಿ ಶಾಲೆ ಎಂದು ಕಷ್ಟಪಟ್ಟು ಮೇಲೆ ಬಂದವರಿಗೆ ನಾಲ್ಕು ಜನರೆದುರು ಗೌರವ ಸಿಗಬೇಕೆಂಬ ಆಸೆ ಸಹಜವೇ. ಆದರೆ ಆ ಗೌರವ ಸಿಕ್ಕಿದ ರಾತ್ರಿಯೂ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ, ಪಕ್ಕದವನಿಗೆ ಹಾಕಿದ ಹಾರ ತುಸು ದಪ್ಪವಿತ್ತಲ್ಲ ಎಂಬ ಕೊರಗು ಉಳಿಯುತ್ತದೆ ಎಂಬುದು ಅನುಭವಿಗಳೆಲ್ಲ ಬಲ್ಲ ಸಂಗತಿ.

ಈ ಕಾಯಿಲೆ ಇಂದು ನಿನ್ನೆಯದಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಯೇಸುಸ್ವಾಮಿ ಒಂದು ಔತಣಕ್ಕೆ ಹೋಗಿದ್ದರು. ಬಂದ ಅತಿಥಿಗಳು ಮುಂದಿನ ಆಸನಗಳಿಗಾಗಿ ಪೈಪೋಟಿ ನಡೆಸುವುದನ್ನು ಕಂಡು ಅವರು ಒಂದು ಬುದ್ಧಿಮಾತು ಹೇಳಿದರೆಂದು ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಕರೆದ ಮನೆಯಲ್ಲಿ ಕೊನೆಯ ಜಾಗದಲ್ಲಿ ಕುಳಿತುಕೊಳ್ಳಿ, ಮೇಲೆ ಬನ್ನಿ ಎನ್ನುವುದಿದ್ದರೆ ಮನೆಯವರೇ ಎನ್ನಲಿ ಎಂಬುದು ಅದರ ಸಾರ. ಮೇಲ್ನೋಟಕ್ಕೆ ಇದು ಮರ್ಯಾದೆ ಉಳಿಸಿಕೊಳ್ಳುವ ಉಪಾಯದಂತೆ ಕಾಣುತ್ತದೆ. ಆದರೆ ಕ್ರೈಸ್ತ ಬದುಕಿನ ಅಡಿಗಲ್ಲೇ ಇಲ್ಲಿದೆ. ಸ್ವತಃ ಯೇಸುಸ್ವಾಮಿ ತಮ್ಮ ಕೊನೆಯ ಭೋಜನದ ದಿನ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದರು. ಅದರ ನೆನಪಿಗೆ ಪ್ರತಿ ವರ್ಷ ಪವಿತ್ರ ಗುರುವಾರದಂದು ಇಗರ್ಜಿಗಳಲ್ಲಿ ಧರ್ಮಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಕಾಲು ತೊಳೆಯುವುದು ಆ ಕಾಲದಲ್ಲಿ ಮನೆಯ ಆಳಿನ ಕೆಲಸವಾಗಿತ್ತು. ಗುರುವೇ ಆ ಕೆಲಸ ಮಾಡಿದರು, ಮಾಡಿ ಮುಗಿಸಿ, ನೀವೂ ಹೀಗೆ ನಡೆದರೆ ಧನ್ಯರಾಗುವಿರಿ ಎಂಬರ್ಥದ ಮಾತನ್ನೂ ಆಡಿದರು. ಅಂದರೆ ನಮ್ರತೆಯ ಜತೆಗೇ ಸಂತೋಷದ ಭರವಸೆಯೂ ಇದೆ ಎಂಬುದು ಗಮನಾರ್ಹ.

ಆ ಭರವಸೆ ಬರೇ ಪ್ರವಚನದ ಮಾತೋ, ಬದುಕಿ ತೋರಿಸಿದವರು ಯಾರಾದರೂ ಇದ್ದಾರೋ ಎಂದು ಕೇಳಿದರೆ, ಕರಾವಳಿ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ನಮ್ಮದೇ ಕೆನರಾ ನಾಡಿನ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದಾಡಿದ ಒಬ್ಬರಿದ್ದಾರೆ. ಅವರೇ ಸಂತ ಜೋಸೆಫ್ ವಾಜ್.

ಚಪ್ಪಲಿ ಬಿಟ್ಟ ಪಾದ್ರಿ

ಜೋಸೆಫ್ ವಾಜ್ ಹುಟ್ಟಿದ್ದು 1651ರ ಎಪ್ರಿಲ್ 21ರಂದು, ಗೋವೆಯ ಬಾಣಾವಲಿಯಲ್ಲಿ. ಅದು ತಾಯಿಯ ಊರು. ತಂದೆಯ ಊರು ಸಾಂಕ್ವಾಳ. ಮನೆಮಾತು ಕೊಂಕಣಿ. ಅನುಕೂಲಸ್ಥ, ಮೇಲುಜಾತಿಯದೆಂದು ಎಣಿಸಲ್ಪಟ್ಟಿದ್ದ ಕ್ರೈಸ್ತ ಮನೆತನ. ಪೋರ್ಚುಗೀಸ್, ಲ್ಯಾಟಿನ್ ಭಾಷೆಗಳನ್ನು ಕಲಿತು, ಗೋವೆಯ ದೊಡ್ಡ ವಿದ್ಯಾಲಯಗಳಲ್ಲಿ ಓದಿ, 1676ರಲ್ಲಿ ಅವರು ಗುರುದೀಕ್ಷೆ ಪಡೆದರು. ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವೆಯಲ್ಲಿ ಪಾದ್ರಿಯಾದವರಿಗೆ ಸಮಾಜದಲ್ಲಿ ಎಂಥ ಸ್ಥಾನಮಾನ ಇತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಜ್ ಮಾತ್ರ ದೀಕ್ಷೆಯಾದ ಬಳಿಕ ಬಡವರ ಹಾಗೆ ಬರಿಗಾಲಲ್ಲಿ ನಡೆಯತೊಡಗಿದರು. ಒಳ್ಳೆಯ ಪ್ರವಚನಕಾರರೆಂದು ಹೆಸರು ಬಂದಿದ್ದರೂ ಆ ಅಭ್ಯಾಸ ಬಿಡಲಿಲ್ಲ.

1677ರ ಆಗಸ್ಟ್ 5ರಂದು ಅವರು ಇನ್ನೊಂದು ಹೆಜ್ಜೆ ಇಟ್ಟರು. ತಾನು ಮಾತೆ ಮರಿಯಮ್ಮನವರ ಗುಲಾಮ ಎಂದು ಸ್ವಹಸ್ತದಿಂದ ಪತ್ರ ಬರೆದು ಒಪ್ಪಿಸಿದರು. ಮನುಷ್ಯರನ್ನು ಕೊಂಡು ಮಾರುತ್ತಿದ್ದ ಕಾಲವದು. ಗುಲಾಮ ಎಂಬ ಪದದ ಅರ್ಥ ಎಲ್ಲರಿಗೂ ಕಣ್ಣೆದುರೇ ಕಾಣುತ್ತಿತ್ತು. ಎಲ್ಲರೂ ಹೇಸುವ ಆ ಸ್ಥಾನವನ್ನು ಒಬ್ಬ ವಿದ್ಯಾವಂತ ಗುರು ತಾನಾಗಿ ಕೇಳಿ ಪಡೆದದ್ದು ಸಣ್ಣ ಸಂಗತಿಯಲ್ಲ.

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. ಆ ಕಾಲದಲ್ಲಿ ಯುರೋಪಿನ ಧಾರ್ಮಿಕ ಸಭೆಗಳು ಭಾರತೀಯರನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಎಷ್ಟು ಓದಿದ್ದರೂ ಗೋವೆಯ ಪಾದ್ರಿ ಎರಡನೆಯ ದರ್ಜೆಯವನೇ. ಅಂಥ ಅವಮಾನಕ್ಕೆ ಉತ್ತರ ಎರಡು ಬಗೆಯದಿರಬಹುದು. ಒಂದು, ಸಿಟ್ಟಿನಿಂದ ಕಹಿಯಾಗುವುದು. ಇನ್ನೊಂದು, ತಲೆತಗ್ಗಿಸಿ ಸುಮ್ಮನಿರುವುದು. ವಾಜ್ ಎರಡನ್ನೂ ಮಾಡಲಿಲ್ಲ. 1685ರಲ್ಲಿ ಗೋವೆಯ ಕೆಲವು ಸ್ಥಳೀಯ ಗುರುಗಳ ಜತೆ ಸೇರಿ, ಸಂತ ಫಿಲಿಪ್ ನೇರಿಯವರ ನಿಯಮದಂತೆ ನಡೆಯುವ ಒರೇಟರಿ ಎಂಬ ಭಾರತೀಯ ಗುರುಗಳದೇ ಸಭೆಯನ್ನು ಕಟ್ಟಿ ನಿಲ್ಲಿಸಿದರು. ಹದಿನಾರನೆಯ ಶತಮಾನದಲ್ಲಿ ರೋಮ್ ನಗರದಲ್ಲಿದ್ದ ಫಿಲಿಪ್ ನೇರಿ ಸಂತೋಷದ ಸಂತ ಎಂದೇ ಪ್ರಸಿದ್ಧರು. ಜನ ತನ್ನನ್ನು ಮಹಾತ್ಮನೆಂದು ಹೊಗಳತೊಡಗಿದರೆ ಅವರು ಬೇಕೆಂದೇ ಏನಾದರೂ ತಮಾಷೆ ಮಾಡಿ ನಗೆಪಾಟಲಾಗುತ್ತಿದ್ದರಂತೆ. ನಮ್ರತೆ ಮತ್ತು ಸಂತೋಷ ಒಂದೇ ಮನೆಯ ಅಕ್ಕತಂಗಿಯರೆಂಬ ಪಾಠ ವಾಜ್ ಅವರಿಗೆ ಆ ಪರಂಪರೆಯಿಂದಲೂ ಬಂದಿರಬೇಕು.

ಕೆನರಾದಲ್ಲಿ ಮೂರು ವರ್ಷ

ಒರೇಟರಿ ಕಟ್ಟುವ ಮೊದಲೇ, 1681ರಿಂದ 1684ರ ತನಕ ವಾಜ್ ಕೆನರಾದಲ್ಲಿದ್ದರು. ಅದು ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲ. ಡಚ್ಚರ ಪ್ರಾಬಲ್ಯ ಹೆಚ್ಚಿ, ಕರಾವಳಿಯಲ್ಲಿ ಪೋರ್ಚುಗೀಸರ ಹಿಡಿತ ಸಡಿಲವಾಗಿತ್ತು. ಕ್ರೈಸ್ತ ಕುಟುಂಬಗಳು ಚದುರಿಹೋಗಿದ್ದವು, ಪಾದ್ರಿಗಳು ಬೆರಳೆಣಿಕೆಯಷ್ಟೇ ಇದ್ದರು. ಮಂಗಳೂರು, ಕಲ್ಯಾಣಪುರ, ಬಸ್ರೂರು, ಕುಂದಾಪುರ, ಗಂಗೊಳ್ಳಿ ಎಂದು ಊರಿಂದೂರಿಗೆ ಬರಿಗಾಲಲ್ಲೇ ನಡೆದು ಅವರು ಜನರನ್ನು ಕಂಡು ಮಾತನಾಡಿಸಿದರು, ಪೂಜೆ-ಸಂಸ್ಕಾರಗಳನ್ನು ನೆರವೇರಿಸಿದರು.

ಆಗ ಕೆನರಾದ ಧರ್ಮಸಭೆಯಲ್ಲಿ ದೊಡ್ಡ ಜಗಳವೊಂದಿತ್ತು. ಇಲ್ಲಿನ ಕ್ರೈಸ್ತರು ಗೋವೆಯ ಆರ್ಚ್‌ಬಿಷಪರ ಅಧಿಕಾರಕ್ಕೆ ಒಳಪಟ್ಟವರೋ, ರೋಮಿನಿಂದ ನೇರವಾಗಿ ನೇಮಕಗೊಂಡ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರಿಗೋ ಎಂಬ ತಕರಾರು. ವಾಜ್ ಗೋವೆಯ ಕಡೆಯಿಂದ ಬಂದ ಅಧಿಕಾರಿ. ಹಟ ಹಿಡಿದು ನಿಲ್ಲಬಹುದಿತ್ತು. ಆದರೆ ಅಧಿಕಾರ ಯಾರದ್ದೆಂಬ ಜಗಳದಲ್ಲಿ ಬಡ ಭಕ್ತರು ಸಂಸ್ಕಾರಗಳಿಲ್ಲದೆ ಒದ್ದಾಡುವಂತಾಗಬಾರದೆಂಬುದು ಅವರ ಕಾಳಜಿ. ಎದುರು ಪಕ್ಷದ ಬಿಷಪರನ್ನು ಗೌರವದಿಂದಲೇ ಕಂಡು, ಮನಸ್ತಾಪ ಬೆಳೆಯದಂತೆ ಸಂಧಾನದ ದಾರಿ ಹಿಡಿದರು. ಎರಡು ಬಣಗಳಾಗಿ ಒಡೆದ ಯಾವುದೇ ಸಂಘದ ಹಿರಿಯ ಸದಸ್ಯರಿಗೆ ಇದರ ಬೆಲೆ ಚೆನ್ನಾಗಿ ಅರ್ಥವಾದೀತು.

ಮಂಗಳೂರು ಸಮೀಪದ ಮುಡಿಪುವಿನ ಗುಡ್ಡದಲ್ಲಿ ಇಂದು ಸಂತ ಜೋಸೆಫ್ ವಾಜರ ಪುಣ್ಯಕ್ಷೇತ್ರವಿದೆ. ರೋಗಿಯೊಬ್ಬರಿಗೆ ಸಂಸ್ಕಾರ ಕೊಡಬೇಕೆಂದು ಸುಳ್ಳು ಹೇಳಿ, ಕೆಲವರು ಅವರನ್ನು ರಾತ್ರಿ ಆ ಗುಡ್ಡಕ್ಕೆ ಕರೆದೊಯ್ದು ಕೊಲ್ಲಲು ಹೊಂಚಿದರೆಂದೂ, ಅವರು ಊರುಗೋಲನ್ನು ಊರಿದಲ್ಲಿ ಬೆಳಕು ಕಾಣಿಸಿ ಮೂರು ಒರತೆಗಳು ಚಿಮ್ಮಿದವೆಂದೂ ಸ್ಥಳೀಯ ನಂಬಿಕೆ. ಜಾತಿ-ಮತ ನೋಡದೆ ಜನ ಅಲ್ಲಿಗೆ ಬಂದು ಆ ನೀರನ್ನು ಮನೆಗೆ ಕೊಂಡೊಯ್ಯುತ್ತಾರೆ.

ಕೂಲಿಯಾಳಿನ ವೇಷದಲ್ಲಿ

ಗೋವೆಯಲ್ಲಿ ಹೊಸ ಸಭೆಯ ಮುಖ್ಯಸ್ಥರಾಗಿದ್ದ ವಾಜ್ ಅಲ್ಲೇ ನೆಮ್ಮದಿಯಾಗಿ ಇರಬಹುದಿತ್ತು. ಆದರೆ 1686ರಲ್ಲಿ ಅವರು ಆ ಹುದ್ದೆಗೆ ರಾಜೀನಾಮೆ ಕೊಟ್ಟು ಹೊರಟರು. ಬಹುಕಾಲದಿಂದ ಮನಸ್ಸಿನಲ್ಲಿದ್ದದ್ದು ಸಿಲೋನ್, ಇಂದಿನ ಶ್ರೀಲಂಕಾ. ಡಚ್ಚರು 1658ರಲ್ಲಿ ಜಾಫ್ನಾವನ್ನು ಗೆದ್ದ ಮೇಲೆ ಅಲ್ಲಿ ಕಥೊಲಿಕ ಪಾದ್ರಿಗಳಿಗೆ ಪ್ರವೇಶ ನಿಷಿದ್ಧವಾಗಿತ್ತು. ಸುಮಾರು ಮೂವತ್ತು ವರ್ಷಗಳಿಂದ ಅಲ್ಲಿನ ಭಕ್ತರಿಗೆ ಗುರುಗಳ ಆಸರೆಯಿರಲಿಲ್ಲ. ಸಿಕ್ಕಿಬಿದ್ದರೆ ಸೆರೆಮನೆ ಖಚಿತ.

ಪಾದ್ರಿಯ ನಿಲುವಂಗಿ ಕಳಚಿಟ್ಟು, ಕೂಲಿಯಾಳಿನ ವೇಷ ತೊಟ್ಟು, ಜಾನ್ ಎಂಬ ಸೇವಕನ ಜತೆ ತೂತ್ತುಕುಡಿಯಿಂದ ದೋಣಿ ಹತ್ತಿದ ವಾಜ್ 1687ರಲ್ಲಿ ಜಾಫ್ನಾ ಸೇರಿದರು. ದಾರಿಯ ದಣಿವು, ಹಸಿವೆ, ಅದರ ಮೇಲೆ ಆಮಶಂಕೆ ಸೇರಿ ಪ್ರಾಣಕ್ಕೇ ಬಂತು. ರೋಗಿಷ್ಠ ಭಿಕ್ಷುಕರೆಂದು ಜನ ದೂರ ಸರಿದಾಗ ಬಡ ಹೆಂಗಸೊಬ್ಬಳು ಗಂಜಿ ಕೊಟ್ಟು ಬದುಕಿಸಿದಳೆಂದು ಅವರ ಚರಿತ್ರೆ ಹೇಳುತ್ತದೆ. ಚೇತರಿಸಿಕೊಂಡ ಮೇಲೆ ಅವರು ಕೊರಳಿಗೆ ಜಪಮಾಲೆ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಮಾಲೆಯನ್ನು ಕಂಡು ಯಾರ ಕಣ್ಣು ಅರಳುತ್ತದೋ ಅದು ಕ್ರೈಸ್ತರ ಮನೆ ಎಂದು ಗುರುತು ಹಿಡಿಯುವುದು ಅವರ ಉಪಾಯ. ಹಾಗೆ ಒಂದೊಂದೇ ಮನೆಯನ್ನು ಹುಡುಕಿ, ರಾತ್ರಿಯ ಕತ್ತಲಲ್ಲಿ ಪೂಜೆ ಅರ್ಪಿಸಿ ಸಮುದಾಯವನ್ನು ಮತ್ತೆ ಕಟ್ಟಿದರು.

ಇಲ್ಲೊಂದು ಮಾತು. ಪ್ರವಚನದ ಪೀಠದ ಮೇಲೆ ನಿಂತಿದ್ದ ಮನುಷ್ಯನಿಗೆ ಬಾಗಿಲ ಹೊರಗೆ ಕೈಚಾಚಿ ನಿಲ್ಲುವುದು ಸುಲಭವಲ್ಲ. ಆದರೆ ಆ ಬಾಗಿಲುಗಳು ಅವರಿಗೆ ತೆರೆದದ್ದು ಭಿಕ್ಷುಕನಾಗಿದ್ದುದರಿಂದಲೇ. ದೊಡ್ಡವರಾಗಿ ಬಂದವರನ್ನು ಜನ ಚಾವಡಿಯಲ್ಲಿ ಕೂರಿಸಿ ಸತ್ಕರಿಸಿ ಕಳುಹಿಸುತ್ತಾರೆ. ಸಣ್ಣವರಾಗಿ ಬಂದವರನ್ನು ಅಡುಗೆಮನೆಯ ತನಕ ಬರಗೊಡುತ್ತಾರೆ, ಮನೆಯ ಕಷ್ಟ-ಸುಖ ಹೇಳಿಕೊಳ್ಳುತ್ತಾರೆ. ನಮ್ರತೆಯ ಮೊದಲ ಸಂತೋಷ ಇದೇ. ಅದು ಮನುಷ್ಯರ ನಡುವಿನ ಅಂತರವನ್ನು ತೆಗೆದುಹಾಕುತ್ತದೆ.

ಕ್ಯಾಂಡಿಯ ಸೆರೆ, ಸಿಡುಬಿನ ವರ್ಷ

1692ರಲ್ಲಿ ವಾಜ್ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯಿಂದ ಅವರನ್ನು ಸೆರೆಯಲ್ಲಿಟ್ಟರು. ಆ ಬಿಡುವನ್ನು ಅವರು ಸಿಂಹಳ ಭಾಷೆ ಕಲಿಯಲು ಬಳಸಿಕೊಂಡರು. ತಮಿಳನ್ನು ಆಗಲೇ ಕಲಿತಿದ್ದರು. ಹೋದ ಊರಿನ ಭಾಷೆಯನ್ನು ಕಲಿಯುವುದೂ ಒಂದು ನಮ್ರತೆಯೇ. ನಲವತ್ತು ದಾಟಿದ ಪಂಡಿತ ಮಗುವಿನಂತೆ ತಪ್ಪು ತಪ್ಪಾಗಿ ಮಾತನಾಡಲು ಒಪ್ಪಬೇಕಾಗುತ್ತದೆ. ಹೊರನಾಡಿಗೆ ಬಂದು ಮರಾಠಿಯನ್ನೋ ತಮಿಳನ್ನೋ ತೆಲುಗನ್ನೋ ಕಲಿತವರಿಗೆ ಈ ಕಷ್ಟ ಗೊತ್ತಿದೆ, ಕಲಿತಾದ ಮೇಲಿನ ಖುಷಿಯೂ ಗೊತ್ತಿದೆ.

ಕ್ಯಾಂಡಿಯ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ ಕ್ರಮೇಣ ಈ ಮನುಷ್ಯನಿಂದ ಅಪಾಯವಿಲ್ಲವೆಂದು ಮನಗಂಡ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಉಳ್ಳವರು ಊರು ಬಿಟ್ಟರು. ರೋಗಿಗಳನ್ನು ಸ್ವಂತ ಮನೆಯವರೇ ಕಾಡಂಚಿನಲ್ಲಿ ಬಿಟ್ಟುಬರುವ ಸ್ಥಿತಿ. ವಾಜ್ ಮತ್ತು ಅವರ ಸೋದರಳಿಯ, ಗುರು ಜೋಸೆಫ್ ಕರ್ವಾಲೊ ಊರಲ್ಲೇ ಉಳಿದರು. ರೋಗಿಗಳಿಗೆ ಗುಡಿಸಲು ಕಟ್ಟಿದರು, ಗಂಜಿ ಉಣ್ಣಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಕ್ರೈಸ್ತರು, ಬೌದ್ಧರು ಎಂಬ ಭೇದವಿಟ್ಟುಕೊಳ್ಳಲಿಲ್ಲ. ಅರಸನ ಪೂರ್ಣ ವಿಶ್ವಾಸವನ್ನು ಅವರು ಗಳಿಸಿದ್ದು ವಾದದಿಂದಲ್ಲ, ಈ ಸೇವೆಯಿಂದ.

ಬೇಡವೆಂದ ಬಿಷಪ್ ಪದವಿ

ಇಷ್ಟಾದ ಮೇಲೆ ಪದವಿ ತಾನಾಗಿಯೇ ಹುಡುಕಿಕೊಂಡು ಬಂತು. 1704ರ ಸುಮಾರಿಗೆ ಪೋಪರ ಪ್ರತಿನಿಧಿಯಾಗಿ ಭಾರತಕ್ಕೆ ಬಂದಿದ್ದ ಟುರ್ನನ್ ಅವರು ವಾಜ್ ಅವರನ್ನು ಬಿಷಪ್ ಮಾಡುವ ವಿಚಾರ ಮುಂದಿಟ್ಟರು. ಭಾರತೀಯ ಗುರುಗಳಿಗೆ ಯುರೋಪಿನ ಸಭೆಗಳ ಬಾಗಿಲೇ ಮುಚ್ಚಿದ್ದ ಕಾಲದಲ್ಲಿ ಇದು ಸಾಮಾನ್ಯ ಗೌರವವಲ್ಲ. ವಾಜ್ ಒಪ್ಪಲಿಲ್ಲ. ಅದರ ಬದಲು ತನ್ನ ನಂತರ ಕೆಲಸ ಮುಂದುವರಿಸುವವರನ್ನು ಬೆಳೆಸಿದರು. 1705ರಲ್ಲಿ ಬಂದ ಗೋವೆಯ ಗುರು ಜಾಕೋಮ್ ಗೊನ್ಸಾಲ್ವಿಸ್ ಸಿಂಹಳ ಭಾಷೆಯಲ್ಲಿ ಅನೇಕ ಕೃತಿಗಳನ್ನು ರಚಿಸಿ ದೊಡ್ಡ ಹೆಸರು ಪಡೆದರು. ತನಗಿಂತ ಕಿರಿಯನೊಬ್ಬ ತನಗಿಂತ ಹೆಚ್ಚು ಕಲಿತು ಮಿಂಚಿದರೆ ಸಂತೋಷಪಡುವುದು ಎಷ್ಟು ಮಂದಿಗೆ ಸಾಧ್ಯ?

1711ರ ಜನವರಿ 16ರಂದು, ತಮ್ಮ 59ನೇ ವಯಸ್ಸಿನಲ್ಲಿ, ವಾಜ್ ಕ್ಯಾಂಡಿಯಲ್ಲಿ ತೀರಿಕೊಂಡರು. ಇಪ್ಪತ್ತಮೂರು ವರ್ಷಗಳಿಗೂ ಮಿಕ್ಕಿ ಲಂಕೆಯಲ್ಲಿದ್ದವರು ಹುಟ್ಟೂರಿಗೆ ಮರಳಲೇ ಇಲ್ಲ. ಅವರನ್ನು ಸಮಾಧಿ ಮಾಡಿದ ಇಗರ್ಜಿ ಇಂದು ಉಳಿದಿಲ್ಲ, ಸಮಾಧಿಯ ಜಾಗವೂ ಗುರುತು ಸಿಕ್ಕಿಲ್ಲ. ಆದರೆ ಅವರು ಕಟ್ಟಿದ ಸಮುದಾಯ ಉಳಿದಿದೆ. ಪೋಪ್ ಎರಡನೆಯ ಜಾನ್ ಪಾಲ್ 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಘೋಷಿಸಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅದೇ ನಗರದ ಗಾಲ್ ಫೇಸ್ ಕಡಲ ಕಿನಾರೆಯ ಮೈದಾನದಲ್ಲಿ, ಅಪಾರ ಜನಸ್ತೋಮದ ಸಮ್ಮುಖದಲ್ಲಿ ಸಂತ ಪದವಿ ನೀಡಿದರು. ಸತ್ತು ಮುನ್ನೂರನಾಲ್ಕು ವರ್ಷಗಳ ನಂತರ ಬಂದ ಗೌರವವದು. ಬದುಕಿದ್ದಾಗ ಅದಕ್ಕಾಗಿ ಅವರು ಕಾದಿರಲಿಲ್ಲ.

ನಮ್ರತೆ ಎಂದರೆ ಸಹಿಸಿಕೊಂಡಿರುವುದಲ್ಲ

ನಮ್ರತೆಯ ಬಗ್ಗೆ ಮಾತನಾಡುವಾಗ ಒಂದು ಎಚ್ಚರ ಅಗತ್ಯ. ಈ ಪದವನ್ನು ತಪ್ಪಾಗಿ ಬಳಸಿದವರು ಕಡಿಮೆಯೇನಿಲ್ಲ. ಮನೆಗೆಲಸದವಳು ಸಂಬಳ ಹೆಚ್ಚಿಸಿ ಎಂದರೆ, ಸೊಸೆ ತನ್ನ ಮಾತನ್ನೂ ಕೇಳಿ ಎಂದರೆ, ಕಿರಿಯ ಸದಸ್ಯ ಲೆಕ್ಕಪತ್ರ ತೋರಿಸಿ ಎಂದರೆ, ತಗ್ಗಿಬಗ್ಗಿ ನಡೆಯಬೇಕೆಂದು ಉಪದೇಶ ಮಾಡುವುದುಂಟು. ಅದು ನಮ್ರತೆಯ ಪಾಠವಲ್ಲ, ಬಾಯಿ ಮುಚ್ಚಿಸುವ ಉಪಾಯ. ನಮ್ರತೆಯನ್ನು ಇನ್ನೊಬ್ಬರ ಮೇಲೆ ಹೇರಲು ಬರುವುದಿಲ್ಲ, ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ತಾವೇ ಆರಿಸಿಕೊಳ್ಳಬೇಕಾದದ್ದು ಅದು.

ವಾಜ್ ಅವರ ಬದುಕು ಇದಕ್ಕೆ ಸಾಕ್ಷಿ. ಬರಬಾರದು ಎಂದ ಡಚ್ಚರ ಕಾನೂನಿಗೆ ಅವರು ತಲೆಬಾಗಲಿಲ್ಲ. ಪೂಜೆ ನಿಲ್ಲಿಸಲಿಲ್ಲ. ಭಾರತೀಯರಿಗೆ ಜಾಗವಿಲ್ಲ ಎಂದವರೆದುರು ಭಾರತೀಯರದೇ ಸಭೆ ಕಟ್ಟಿದರು. ತನ್ನ ಮಾನ-ಸನ್ಮಾನದ ವಿಷಯದಲ್ಲಿ ಬಿಟ್ಟುಕೊಡುತ್ತಿದ್ದ ಮನುಷ್ಯ ಜನರ ಹಿತದ ವಿಷಯದಲ್ಲಿ ಒಂದಿಂಚೂ ಬಿಟ್ಟುಕೊಡಲಿಲ್ಲ. ನಮ್ಮಲ್ಲಿ ಅನೇಕ ವೇಳೆ ಇದು ತಲೆಕೆಳಗಾಗುತ್ತದೆ. ಸಂಸ್ಥೆಯ ಹಿತ ಬಂದಾಗ ಹೇಗೋ ಆಗಲಿ ಎಂದು ಬಿಡುತ್ತೇವೆ, ಸ್ವಂತ ಹೆಸರಿನ ವಿಷಯ ಬಂದಾಗ ಪಟ್ಟು ಹಿಡಿಯುತ್ತೇವೆ.

ತಾನು ಏನೂ ಅಲ್ಲ ಎಂದು ಸುಳ್ಳು ಸುಳ್ಳೇ ಹೇಳಿಕೊಳ್ಳುವುದೂ ನಮ್ರತೆಯಲ್ಲ. ಸನ್ಮಾನಕ್ಕೆ ಉತ್ತರಿಸುತ್ತಾ, ನಾನು ಇದಕ್ಕೆ ಅರ್ಹನಲ್ಲ ಎಂದು ಇಪ್ಪತ್ತು ನಿಮಿಷ ಮಾತನಾಡುವವರನ್ನು ಎಲ್ಲರೂ ಕಂಡಿದ್ದಾರೆ. ಸ್ಪೇನಿನ ಸಂತ ಆವಿಲಾದ ತೆರೇಸಾ ಅವರ ಪ್ರಕಾರ ನಮ್ರತೆಯೆಂದರೆ ಸತ್ಯದಲ್ಲಿ ನಡೆಯುವುದು. ಇದ್ದ ಶಕ್ತಿಯನ್ನು ಇದೆ ಎನ್ನಬೇಕು, ಅದು ಕೊಡುಗೆಯಾಗಿ ಬಂದದ್ದು ಎಂಬುದನ್ನೂ ಮರೆಯಬಾರದು. ಬಸವಾದಿ ಶರಣರ, ಹರಿದಾಸರ ಕಿಂಕರ ಭಾವವನ್ನು ಕೇಳಿ ಬೆಳೆದ ಕನ್ನಡಿಗರಿಗೆ ಇದು ಹೊಸ ಮಾತೇನೂ ಅಲ್ಲ.

ಸಂತೋಷ ಬರುವುದು ಎಲ್ಲಿಂದ?

ಹಾಗಾದರೆ ನಮ್ರತೆಯಿಂದ ಸಂತೋಷ ಹೇಗೆ ಬರುತ್ತದೆ? ಇದರಲ್ಲಿ ನಿಗೂಢವೇನಿಲ್ಲ. ಮೇಲಿನ ಕುರ್ಚಿಯಲ್ಲಿ ಕುಳಿತವನಿಗೆ ಇಳಿಸಿಬಿಡುತ್ತಾರೇನೋ ಎಂಬ ಭಯ ಇದ್ದೇ ಇರುತ್ತದೆ. ಚಾಪೆಯ ಮೇಲೆ ಕುಳಿತವನಿಗೆ ಬೀಳುವ ಭಯವಿಲ್ಲ. ಹೋಲಿಕೆ ಬಿಟ್ಟವನಿಗೆ ಪಕ್ಕದವನ ಏಳಿಗೆ ಚುಚ್ಚುವುದಿಲ್ಲ, ಅದು ಅವನಿಗೂ ಹಬ್ಬವಾಗುತ್ತದೆ. ತಪ್ಪು ಒಪ್ಪಿಕೊಳ್ಳಲು ಬಲ್ಲವನಿಗೆ ಅದನ್ನು ಮುಚ್ಚಿಡುವ ಚಿಂತೆಯಿಲ್ಲ. ಸಹಾಯ ಕೇಳಲು ನಾಚದವನು ಒಂಟಿಯಾಗುವುದಿಲ್ಲ. ಕ್ರೈಸ್ತ ವಿಶ್ವಾಸ ಇದಕ್ಕೆ ಇನ್ನೊಂದನ್ನು ಸೇರಿಸುತ್ತದೆ. ತನ್ನ ಬೆಲೆ ಜನರ ಚಪ್ಪಾಳೆಯಿಂದ ನಿರ್ಧಾರವಾಗುವುದಿಲ್ಲ, ದೇವರ ಪ್ರೀತಿಯಿಂದ ಅದು ಮೊದಲೇ ನಿರ್ಧಾರವಾಗಿದೆ ಎಂದು ನಂಬಿದವನಿಗೆ ಯಾರಿಗೂ ಏನನ್ನೂ ತೋರಿಸಿಕೊಳ್ಳಬೇಕಾಗಿಲ್ಲ. ಜಾಫ್ನಾದ ಬಾಗಿಲುಗಳ ಮುಂದೆ ಕೈಚಾಚಿ ನಿಂತಾಗಲೂ ವಾಜ್ ಕುಗ್ಗದೆ ಇದ್ದದ್ದು ಈ ನಂಬಿಕೆಯ ಬಲದಿಂದ.

ಜನವರಿ 16ರಂದು ಸಂತ ಜೋಸೆಫ್ ವಾಜರ ಹಬ್ಬ. ಅಂದು ಗೋವೆ, ಕರಾವಳಿ, ಶ್ರೀಲಂಕಾಗಳಲ್ಲಿ ಬಲಿಪೂಜೆ, ಪ್ರಾರ್ಥನೆಗಳು ನಡೆಯುತ್ತವೆ. ಮಹಾನಗರದಲ್ಲಿರುವ ಭಕ್ತರೂ ನೆನೆಯುತ್ತಾರೆ. ಅವರನ್ನು ನೆನೆಯಲು ಕ್ರೈಸ್ತರೇ ಆಗಿರಬೇಕೆಂದಿಲ್ಲ, ದೊಡ್ಡ ಸಭಾಂಗಣವೂ ಬೇಕಿಲ್ಲ. ಯಾವುದೇ ಸಂಘದ ಕಾರ್ಯಕ್ರಮ ಮುಗಿದ ಮೇಲೆ ಅತಿಥಿಗಳ ಕಾರುಗಳು ಹೊರಟಾಗ, ಹಿಂದೆ ಉಳಿದು ಕುರ್ಚಿ ಮಡಚುವವರು, ಚಹಾದ ಲೋಟ ಎತ್ತುವವರು, ದೀಪ ಆರಿಸಿ ಬಾಗಿಲಿಗೆ ಬೀಗ ಹಾಕುವವರು ನಾಲ್ಕೈದು ಮಂದಿ ಇದ್ದೇ ಇರುತ್ತಾರೆ. ಅವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಇರುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಇಡೀ ಸಭಾಂಗಣದಲ್ಲಿ ನಗು ಕೇಳಿಬರುವುದು ಅವರ ಗುಂಪಿನಿಂದಲೇ. ಮುಂದಿನ ಕಾರ್ಯಕ್ರಮದ ದಿನ, ಕೊನೆಯ ಲೋಕಲ್ ಗಾಡಿಗೆ ಇನ್ನೂ ಸಮಯವಿದ್ದರೆ, ಶಾಲು ಹೊದೆಸಿಕೊಂಡವರೂ ಅದನ್ನು ಮಡಚಿಟ್ಟು ಅರ್ಧ ಗಂಟೆ ಅವರ ಜತೆ ಉಳಿದು ನೋಡಬಹುದು.